ಪೀಟ್ ತೆಗೆದ ನೆಲದಲ್ಲಿ ಮತ್ತೆ ಹಸಿರು ಬರುತ್ತದೆಯೇ?

ಪ್ರಶ್ನೆ: ಬದಿಯಡ್ಕದ ಬಳಿ ಸಣ್ಣ ನರ್ಸರಿ ನಡೆಸುತ್ತಿದ್ದೇನೆ. ತರಕಾರಿ ಮತ್ತು ಹೂವಿನ ಸಸಿಗಳಿಗೆ ತರಿಸುವ ‘ಪೀಟ್ ಮಾಸ್’ ಚೀಲದ ಮೇಲೆ ಕೆನಡಾದ ಹೆಸರಿದೆ. ಅಲ್ಲಿ ಪೀಟ್ ತೆಗೆದ ಜಾಗದಲ್ಲಿ ಗಿಡಗಳು ತಾವಾಗಿಯೇ ಮರಳಿ ಬೆಳೆಯುತ್ತವೆಯೇ? ನಮ್ಮಲ್ಲಿ ಕೆಲಸ ನಿಂತ ಕೆಂಪುಕಲ್ಲಿನ ಕೋರೆಗಳಲ್ಲಿ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪೊದೆ ತುಂಬಿಕೊಳ್ಳುತ್ತದೆ.
— ಓದುಗರು, ಕಾಸರಗೋಡು ಜಿಲ್ಲೆ

ಉತ್ತರ: ಏನಾದರೊಂದು ಗಿಡ ಬಂದೇ ಬರುತ್ತದೆ. ಆದರೆ ಆ ಪೀಟನ್ನು ಕಟ್ಟಿದ ಸ್ಫ್ಯಾಗ್ನಮ್ ಎಂಬ ಹಾವಸೆಯು ಯಂತ್ರದಿಂದ ಪೀಟ್ ತೆಗೆದ ನೆಲಕ್ಕೆ ತಾನಾಗಿ ಮರಳುವುದು ಅಪರೂಪ.

ತಂಪಾದ, ಹುಳಿಗುಣದ, ಸದಾ ನೀರು ನಿಂತ ನೆಲದಲ್ಲಿ ಆಮ್ಲಜನಕ ಸಾಲದೆ ಪೂರ್ತಿ ಕೊಳೆಯದೇ ಉಳಿದ ಹಾವಸೆಯೇ ಪೀಟ್. ಅದು ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಸೇರುವುದರಿಂದ, ಒಂದು ಮೀಟರ್ ದಪ್ಪವಾಗಲು ಸಾವಿರ ವರ್ಷವಾದರೂ ಬೇಕು. ತೆಗೆಯುವವರು ಚರಂಡಿ ತೋಡಿ ನೀರು ಬಸಿದು, ಮೇಲಿನ ಜೀವಂತ ಪದರವನ್ನು ಸುಲಿದು, ಬಿಸಿಲಿಗೆ ಒಣಗಿದ ಹುಡಿಯನ್ನು ಯಂತ್ರಗಳಿಂದ ಹೀರಿ ಒಯ್ಯುತ್ತಾರೆ. ಉಳಿಯುವ ಬರಿನೆಲದಲ್ಲಿ ಬೀಜವೂ ಇರುವುದಿಲ್ಲ, ಹಾವಸೆಯ ಚೂರೂ ಇರುವುದಿಲ್ಲ. ಸ್ಫ್ಯಾಗ್ನಮ್‌ಗೆ ಬೇರಿಲ್ಲದ ಕಾರಣ ಆಳಕ್ಕಿಳಿದ ನೀರು ಅದಕ್ಕೆ ಎಟಕುವುದಿಲ್ಲ. ಬೇರಿರುವ ಎಳೆಯ ಸಸಿಗಳನ್ನೂ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುವ ನೆಲವು ಬುಡಸಮೇತ ಮೇಲಕ್ಕೆತ್ತುತ್ತದೆ. ಒದ್ದೆ ಉಳಿದಲ್ಲಿ ಹತ್ತಿಯಂಥ ಬಿಳಿ ತೆನೆಯ ಜೇಕು, ಒಣಗಿದಲ್ಲಿ ಬರ್ಚ್ ಮರ ಬರುತ್ತವೆ. ಬರ್ಚ್ ಇದ್ದ ನೀರನ್ನೂ ಹೀರುತ್ತದೆ. ನಿಮ್ಮ ಕೋರೆಯಲ್ಲಿ ಹಬ್ಬುವ ಪೊದೆಗಳಿಗೆ ಬೇರಿದೆ, ಸುತ್ತಲಿನ ಗುಡ್ಡದಿಂದ ಬೀಜ ಬರುತ್ತದೆ, ಮುಂಗಾರು ತಪ್ಪದೆ ಸುರಿಯುತ್ತದೆ.

ಗಮನಿಸಬೇಕಾದ ಸಂಗತಿಯೊಂದಿದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹಿಂದೆ ಕೈಯಿಂದ ಪೀಟ್ ಕಡಿಯುತ್ತಿದ್ದವರು, ಮೇಲಿನ ಜೀವಂತ ಪದರವನ್ನು ಆಗಲೇ ಕಡಿದು ಮುಗಿಸಿದ ಕಂದಕಕ್ಕೆ ಎಸೆಯುತ್ತಿದ್ದರು. ನೀರು ನಿಲ್ಲುವ ಅಂಥ ಕಂದಕಗಳಲ್ಲಿ ಸ್ಫ್ಯಾಗ್ನಮ್ ಹಲವೆಡೆ ತಾನಾಗಿಯೇ ಮರಳಿದೆ. ನಡುವಿನ ಎತ್ತರದ ದಿಣ್ಣೆಗಳಲ್ಲಿ ಮಾತ್ರ ಕುರುಚಲು ಗಿಡಗಳೇ ಉಳಿದಿವೆ. ನೀರು ಮತ್ತು ಹಾವಸೆಯ ಚೂರು, ಇವೆರಡೂ ಬೇಕೆಂಬುದು ಇದರಿಂದ ಸ್ಪಷ್ಟ. ಅಲ್ಲಿನ ಲಾವಲ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ವಿಧಾನವೂ ಇದನ್ನೇ ಮಾಡುತ್ತದೆ: ಚರಂಡಿಗಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಬೇರೆ ಜೌಗಿನಿಂದ ತಂದ ಹಾವಸೆಯ ತುಣುಕುಗಳನ್ನು ಹರಡಿ, ಮೇಲೆ ಹುಲ್ಲಿನ ಹೊದಿಕೆ ಹಾಕುವುದು. 1999ರಲ್ಲಿ ಹೀಗೆ ಸರಿಪಡಿಸಿದ ಬ್ವಾ-ದೆ-ಬೆಲ್ ಜೌಗುನೆಲವು, ಹದಿನಾಲ್ಕು ವರ್ಷಗಳ ಬಳಿಕ ಅಳೆದಾಗ, ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಡುತ್ತಿತ್ತು. ಇದು ನಿಜಕ್ಕೂ ಸಂತೋಷದ ವಿಷಯ, ಆದರೂ ಹೋದ ಪೀಟಿನ ದಪ್ಪ ನಮ್ಮ ಕಾಲದಲ್ಲಿ ತುಂಬುವಂಥದ್ದಲ್ಲ.

ತೆಂಗಿನ ನಾಡಿನಲ್ಲಿರುವ ನೀವು ಆ ಚೀಲವನ್ನು ತರಿಸಲೇಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ತೆಂಗಿನ ನಾರಿನ ಹುಡಿಯನ್ನು ಉಪ್ಪು ಮತ್ತು ಒಗರು ಹೋಗುವಂತೆ ಹಲವು ಸಲ ಸಿಹಿನೀರಿನಲ್ಲಿ ತೊಳೆದು, ಚೆನ್ನಾಗಿ ಕೊಳೆಯಿಸಿ, ಹುಡಿಯಾದ ಹಟ್ಟಿಗೊಬ್ಬರದೊಂದಿಗೆ ಬೆರೆಸಿ ಮೊದಲು ಕೆಲವೇ ಟ್ರೇಗಳಲ್ಲಿ ಸಸಿ ಎಬ್ಬಿಸಿ ನೋಡಿರಿ.