ಟವೆಲ್ಲಿನಲ್ಲಿ ಸುತ್ತಿಟ್ಟ ಬಾಳೆಹಣ್ಣು

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 27. ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಬಂದೆ. ಈಗ ಇಲ್ಲಿ ಡಿವಿಷನ್ ಒನ್, ಅಂದರೆ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತದಲ್ಲಿ ಆಡುವ ಕಾಲೇಜೊಂದರ ಮಹಿಳಾ ತಂಡಕ್ಕೆ ಅಸಿಸ್ಟೆಂಟ್ ಕೋಚ್. ಮೊನ್ನೆ ಮ್ಯಾಚ್ ನಡುವೆ ಕೊಟ್ಟ ಬಾಳೆಹಣ್ಣನ್ನು ನಮ್ಮ ಐದನೇ ಸಿಂಗಲ್ಸ್ ಆಟಗಾರ್ತಿ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದು ಕಂಡಿತು. ಕೇಳಿದರೆ ಅತ್ತುಬಿಟ್ಟಳು. ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲವಂತೆ. ಹೆಡ್ ಕೋಚ್‌ಗೆ ಹೇಳಬೇಡಿ ಎಂದಳು, ಆಯ್ತು ಎಂದೆ. ‘ಮೈ ಹಗುರಾದರೆ ಕಾಲು ಓಡುತ್ತೆ’ ಎಂದು ಎಲ್ಲರೆದುರು ಅನ್ನುವವರೇ ಆ ಹೆಡ್ ಕೋಚ್. ನನ್ನ ವೀಸಾ ಈ ಕೆಲಸದ ಮೇಲೆ ನಿಂತಿದೆ. ಏನು ಮಾಡಲಿ?

ಉತ್ತರ: ಮೊದಲು ಆ ‘ಆಯ್ತು’ ವಾಪಸ್ ತಗೊಳ್ಳಿ. ಬೇರೆ ಯಾರಿಗೂ ಹೇಳುವ ಮುಂಚೆ, ಅವಳೆದುರಿಗೇ. ‘ಅವತ್ತು ಗಾಬರಿಯಲ್ಲಿ ಮಾತು ಕೊಟ್ಟೆ, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳೋಕಾಗಲ್ಲ, ಟ್ರೈನರ್ ಹತ್ತಿರ ಇಬ್ಬರೂ ಹೋಗೋಣ’ ಅಂದರೆ ಸಾಕು. ಸಿಟ್ಟಾಗುತ್ತಾಳೆ, ಆಗಲಿ.

ನಮ್ಮೂರಿನ ಓದುಗರಿಗೆ ಒಂದು ಮಾತು: ಅಲ್ಲಿ ಅಥ್ಲೆಟಿಕ್ ಟ್ರೈನರ್ ಅಂದರೆ ಜಿಮ್‌ನವರಲ್ಲ. ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವವರು. ಡಿವಿಷನ್ ಒನ್‌ನಲ್ಲಿ ಅವರು ಮತ್ತು ತಂಡದ ಡಾಕ್ಟರು ‘ಸದ್ಯಕ್ಕೆ ಆಡೋದು ಬೇಡ’ ಅಂದರೆ ಕೋಚ್ ಅದನ್ನು ಬದಲಿಸುವ ಹಾಗಿಲ್ಲ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ನಿಯಮವೇ ಹಾಗಿದೆ. ಹೆಡ್ ಕೋಚ್ ಜೊತೆ ನೀವು ಜಗಳಕ್ಕೆ ನಿಲ್ಲಬೇಕಾಗಿಲ್ಲ, ಅಲ್ವಾ?

‘ಮೇ ತನಕ ತಡೆಯೋಣ, ಸೀಸನ್ ಮುಗಿಯಲಿ’ ಎಂಬ ಯೋಚನೆ ನಿಮಗೂ ಬಂದಿರುತ್ತೆ. ಕಾಲೇಜು ತಂಡಗಳ ಮ್ಯಾಚ್‌ನಲ್ಲಿ ಡಬಲ್ಸ್‌ಗೆ ಒಂದು ಪಾಯಿಂಟ್, ಆರು ಸಿಂಗಲ್ಸ್‌ಗೆ ಆರು. ಒಟ್ಟು ಏಳರಲ್ಲಿ ನಾಲ್ಕು ಪಾಯಿಂಟ್ ಬಂದರೆ ಗೆಲುವು. ಐದನೇ ಕೋರ್ಟ್ ಖಾಲಿಯಾದರೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಆದರೆ ಕಾಯುವ ವಿಷಯವಲ್ಲ ಇದು. ಆಟಕ್ಕೆ ಖರ್ಚಾಗುವಷ್ಟು ಊಟ ಮೈಗೆ ಸಿಗದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು, ಕಾಲಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟಿತು. ಇದು ಡಯಟ್ ಚಾರ್ಟ್ ಕೊಟ್ಟು ನೀವೇ ಸರಿಮಾಡುವ ಕೆಲಸವಲ್ಲ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಇನ್ನು ವೀಸಾ. ಅದು ಯೂನಿವರ್ಸಿಟಿಯದು, ಹೆಡ್ ಕೋಚ್‌ದಲ್ಲ. ಆದರೂ ನಿಮ್ಮ ಕೆಲಸದ ಬಗ್ಗೆ ಒಳ್ಳೆ ಮಾತು ಹೇಳಬೇಕಾದವರು ಅವರೇ. ಹಾಗಾಗಿ ನಿಮ್ಮ ಭಯ ಸುಳ್ಳು ಅನ್ನಲಾರೆ. ಅದಕ್ಕೇ ಟ್ರೈನರ್‌ಗೆ ಹೇಳಿದ ದಿನವೇ, ಹೇಳಿದ್ದಕ್ಕೆ ದಾಖಲೆ ಇರಲಿ ಅಂತ, ಆ ಟ್ರೈನರ್‌ಗೇ ಎರಡು ಸಾಲಿನ ಮೇಲ್ ಹಾಕಿಡಿ. ಕಾಯಿಲೆ ವಿವರ ಅದರಲ್ಲಿ ಬೇಡ. ‘ಹಗುರಾದರೆ’ ಮಾತಿನ ಬಗ್ಗೆಯೂ ಟ್ರೈನರ್‌ಗೆ ಹೇಳಿ. ಆ ಮಾತಿಗೆ ನೀವು ಎಂದಾದರೂ ನಕ್ಕಿದ್ದರೆ, ಇನ್ನು ನಗಬೇಡಿ. ಹುಡುಗಿಯರು ನಿಮ್ಮ ಮುಖ ನೋಡುತ್ತಿರುತ್ತಾರೆ.

ಟ್ರೈನರ್ ರೂಮಿಂದ ಹೊರಬಂದ ಮೇಲೆ ಅವಳನ್ನು ಒಬ್ಬಳೇ ಹಾಸ್ಟೆಲ್‌ಗೆ ಕಳಿಸಬೇಡಿ. ಜೊತೆಗೆ ಕೂತು ಏನಾದರೂ ತಿನ್ನಿ. ಅವಳ ತಟ್ಟೆ ಕಡೆ ನೋಡಬೇಡಿ. ಅವತ್ತೊಂದು ದಿನ ಟೆನಿಸ್ ಮಾತೂ ಬೇಡ.