ಹಕ್ಕಿಲ್ಲ ಅಂತಾರೆ, ಸಹಿ ಹಾಕು ಅಂತಾರೆ

ಈ ಸಲ ಮೂರು ಪತ್ರ ಆರಿಸಿದ್ದೇನೆ. ಹೆಸರು, ಊರು ಹಾಕಬೇಡಿ ಅಂತ ಮೂವರೂ ಬರೆದಿದ್ದಾರೆ. ಜಿಲ್ಲೆ ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾವ್ರೇ, ನನ್ನ ಮದುವೆ 1991ರಲ್ಲಿ ಆಯಿತು. ಅಪ್ಪ 2001ರಲ್ಲಿ ತೀರಿಕೊಂಡರು, ಅವ್ವನೂ ಈಗಿಲ್ಲ. ಅಜ್ಜನ ಕಾಲದಿಂದ ಬಂದ ಆರು ಎಕರೆ ಹೊಲ ಇದೆ, ಅದರಲ್ಲಿ ಎರಡು ಎಕರೆ ದ್ರಾಕ್ಷಿ. ಉತಾರದಲ್ಲಿ (ಪಹಣಿಯಲ್ಲಿ) ಇರುವುದು ಇಬ್ಬರು ಅಣ್ಣಂದಿರ ಹೆಸರಷ್ಟೇ. ಈ ಸಲ ಪಂಚಮಿಗೆ ಕರೆಯಲು ಬಂದ ದೊಡ್ಡಣ್ಣ ಉಂಡಿ ಡಬ್ಬಿಯ ಜೊತೆ ಹಕ್ಕು ಬಿಡುಗಡೆ ಪತ್ರವನ್ನೂ ತಂದಿದ್ದ. "ಅಪ್ಪ 2005ರ ಕಾನೂನು ಬರೂಕಿಂತ ಮೊದಲ ಹೋಗ್ಯಾನ, ನಿಂದೇನೂ ಹಕ್ಕ ಇಲ್ಲ, ಸುಮ್ನ ಒಂದ ಸಹಿ ಮಾಡು" ಅಂದ. ಮಾಡಲಾ? (ವಿಜಯಪುರ ಜಿಲ್ಲೆ)

ಉತ್ತರ: ಹಕ್ಕೇ ಇಲ್ಲದವರ ಕೈಲಿ ಹಕ್ಕು ಬಿಡಿಸಿಕೊಳ್ಳೋದು ಯಾಕಂತೆ? ಅಣ್ಣನನ್ನು ಮೊದಲು ಇದನ್ನೇ ಕೇಳಿ.

ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಕೈಬಿಟ್ಟಿತ್ತು. ನಿಮಗೆ ಮೂರು ವರ್ಷದಲ್ಲಿ ತಪ್ಪಿತು ನೋಡಿ. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ದೇಶಕ್ಕೆಲ್ಲ ಬದಲಾಯಿತು, ಮದುವೆಯ ಲೆಕ್ಕ ಹೋಯಿತು. ಆ ದಿನ ಅಪ್ಪ ಬದುಕಿರಬೇಕೋ ಬೇಡವೋ ಅಂತ ಕೋರ್ಟುಗಳಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದು, ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬದುಕಿರಬೇಕಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಹೇಳಿಬಿಟ್ಟಿತು. ನಿಮ್ಮಣ್ಣನಿಗೆ ಈ ಕೊನೆಯ ಸುದ್ದಿ ತಲುಪಿಲ್ಲ. ಅಥವಾ ತಲುಪಿದ್ದಕ್ಕೇ ಪತ್ರ ಹಿಡಿದು ಬಂದಿದ್ದಾನೆ!

ಒಂದು ವಿಷಯ ಮಾತ್ರ ವಿಚಾರಿಸಿ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ವಾಟ್ನಿ (ಆಸ್ತಿ ಪಾಲು) ಆಗಿ ನೋಂದಣಿಯಾಗಿದ್ದರೆ, ಇಲ್ಲವೇ ಕೋರ್ಟಿನ ಮೂಲಕ ಹಂಚಿಕೆ ಆಗಿದ್ದರೆ ಅದು ಹಾಗೇ ನಿಲ್ಲುತ್ತದೆ. ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೆವು ಅಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಉತಾರದಲ್ಲಿ ಹೆಸರು ಕೂತ ಮಾತ್ರಕ್ಕೆ ಹೊಲ ಅವರಿಬ್ಬರದೇ ಅಂತಲೂ ಆಗುವುದಿಲ್ಲ.

ಇನ್ನು ಕಾಗದದಲ್ಲಿ ಮುಗಿಯದ ಮಾತು. ಸಹಿ ಹಾಕದಿದ್ದರೆ ಮುಂದಿನ ಪಂಚಮಿಗೆ ಕರೆಯಲು ಯಾರೂ ಬರಲಿಕ್ಕಿಲ್ಲ. ನಿಮ್ಮ ಭಯ ಅದೇ ಅಲ್ವಾ? ಪತ್ರದಲ್ಲಿ ಹೊಲದ ಬಗ್ಗೆ ಎರಡು ಸಾಲು, ಉಂಡಿ ಬಗ್ಗೆ ಆರು ಸಾಲು ಬರೆದಿದ್ದೀರಿ (ಜಾಗ ಸಾಲದೆ ಕತ್ತರಿಸಿದ್ದೇನೆ, ಕ್ಷಮಿಸಿ). ಬಿಟ್ಟುಕೊಡಬೇಕು ಅನಿಸಿದರೆ ಕೊಡಿ, ನಿಮ್ಮದನ್ನು ನೀವು ಕೊಡಬಹುದು. ಆದರೆ ಆ ಪತ್ರ ಒಮ್ಮೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದರೆ ವಾಪಸ್ ಪಡೆಯೋದು ಬಹಳ ಕಷ್ಟ. ಸದ್ಯಕ್ಕೆ "ಓದಿ ಹೇಳ್ತೀನಿ ಅಣ್ಣಾ" ಅನ್ನಿ. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಎಷ್ಟು ಅಂತ ಕೇಳುವುದಿಲ್ಲ. ಫೋನ್ ನಂಬರ್ 15100.

ಪ್ರಶ್ನೆ: ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮನೆಯವರು ಕೂರುತ್ತಾರೆ. ಬಿಲ್ ಪಾಸ್ ಮಾಡುವ ಡೋಂಗಲ್ ಅವರ ಅಂಗಿ ಜೇಬಿನಲ್ಲೇ ಇರುತ್ತದೆ. ಜನ ಅವರನ್ನೇ "ಅಧ್ಯಕ್ಷರೇ" ಅಂತ ಕರೆಯುತ್ತಾರೆ. (ಬಾಗಲಕೋಟೆ ಜಿಲ್ಲೆ)

ಉತ್ತರ: ಮೊದಲು ಡೋಂಗಲ್ ಈಸಿಕೊಳ್ಳಿ. ಅದು ನಿಮ್ಮ ಸಹಿ. ನಾಳೆ ಆಗದ ಚರಂಡಿಗೆ ಬಿಲ್ ಆಗಿದ್ದರೆ ನೋಟಿಸ್ ಬರೋದು ನಿಮ್ಮ ಹೆಸರಿಗೆ, ಯಜಮಾನರ ಜೇಬಿಗಲ್ಲ. ಮನೆಯಲ್ಲಿ ಹಾಗೇ ಹೇಳಿ, "ನನಗೆ ಹೆದರಿಕೆ ಆಗ್ತದೆ, ನನ್ನ ಹತ್ತಿರ ಇರಲಿ" ಅಂತ. ಜಗಳಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಸಭೆಯಲ್ಲಿ ಒಂದೊಂದು ವಿಷಯವನ್ನೂ ಜೋರಾಗಿ ಓದಲು ಪಿಡಿಒಗೆ ಹೇಳಿ, ಠರಾವು ಪುಸ್ತಕಕ್ಕೆ ಸಹಿ ಆಮೇಲೆ. ಪಕ್ಕದ ಕುರ್ಚಿ ಉಪಾಧ್ಯಕ್ಷರದು.

ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇ 25 ಸ್ಥಾನ ಇತ್ತು, ಈಗ ಅರ್ಧ. ಹಾಗಾಗಿ ನೀವು ಅಲ್ಲಿದ್ದೀರಿ. ಮೀಸಲಾತಿ ಇಲ್ಲದ ಕಡೆ ಏನಾಗುತ್ತದೆ ನೋಡಿ: 2023ರ ವಿಧಾನಸಭೆ ಚುನಾವಣೆಯಲ್ಲಿ 224ರಲ್ಲಿ ಗೆದ್ದ ಹೆಂಗಸರು 10. ಬೆಳಗಾವಿಯ 18 ಕ್ಷೇತ್ರದಲ್ಲಿ ಇಬ್ಬರು, ನಿಮ್ಮ ಬಾಗಲಕೋಟೆಯ 7, ವಿಜಯಪುರದ 8 ಸೇರಿಸಿದರೂ ಒಬ್ಬರೂ ಇಲ್ಲ. ಕಿತ್ತೂರು ಚೆನ್ನಮ್ಮನ ಜಯಂತಿಗೆ ಭಾಷಣ ಮಾಡೋರಿಗೇನೂ ಕಡಿಮೆ ಇಲ್ಲ ಬಿಡಿ.

ಪ್ರಶ್ನೆ: ಪಿಯುಸಿಯಲ್ಲಿ ನನಗೆ ಶೇ 88, ಅಣ್ಣನಿಗೆ ಎರಡು ವರ್ಷದ ಹಿಂದೆ ಶೇ 54 ಬಂದಿತ್ತು. ಅವನು ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾನೆ. ನನಗೆ "ಸಾಕು" ಅಂತಿದ್ದಾರೆ. ಕಾಲೇಜು ಫಾರ್ಮಿಗೆ ಅಪ್ಪ ಸಹಿ ಹಾಕುತ್ತಿಲ್ಲ. (ಬೆಳಗಾವಿ ಜಿಲ್ಲೆ)

ಉತ್ತರ: ಅಪ್ಪನ ಅಡ್ಡಿ ದುಡ್ಡಿನದೋ, ದೂರದ್ದೋ, ಹುಡುಗರದೋ, ಅದನ್ನು ಮೊದಲು ತಿಳಿದುಕೋ ಮಗಳೇ. ದುಡ್ಡಾದರೆ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕು. ಹುಡುಗರ ಭಯವಾದರೆ ಮಹಿಳಾ ಕಾಲೇಜುಗಳಿವೆ, 2003ರಿಂದ ವಿಜಯಪುರದಲ್ಲಿ ಹೆಣ್ಣುಮಕ್ಕಳಿಗೆಂದೇ ವಿಶ್ವವಿದ್ಯಾಲಯವೂ ಇದೆ, ಅಕ್ಕಮಹಾದೇವಿ ಹೆಸರಿನದು. (ಆಕೆ ಮನೆ ಬಿಟ್ಟು ಹೊರಡುವಾಗ ಯಾರ ಸಹಿ ಕೇಳಿದ್ದಳೋ!) ಒಳಗೊಳಗೆ ಮದುವೆ ಮಾತು ನಡೆದಿದ್ದು ನಿನಗೆ 18 ತುಂಬಿಲ್ಲ ಅಂದರೆ 1098ಕ್ಕೆ ಫೋನ್ ಮಾಡು, ಹೆದರಬೇಡ.

ನನ್ನ ಫಾರ್ಮಿಗೂ ಅಪ್ಪ ಸಹಿ ಹಾಕಿರಲಿಲ್ಲ. ಸೋದರಮಾವ ಸಂತೆಗೆ ಬಂದವನು ಸೈಕಲ್ ಸೀಟಿನ ಮೇಲೆ ಹಾಳೆ ಇಟ್ಟು ಹಾಕಿಕೊಟ್ಟ. ಹಾಳೆಗೆ ಗ್ರೀಸ್ ಮೆತ್ತಿತ್ತು, ಕ್ಲರ್ಕ್ ಬೈದು ತೆಗೆದುಕೊಂಡ. ನಿನಗೂ ಅಂಥವರು ಒಬ್ಬರು ಇರುತ್ತಾರೆ, ಮಾವನೋ ಚಿಗವ್ವನೋ ಕನ್ನಡ ಮೇಷ್ಟ್ರೋ. ಅವರನ್ನು ಮನೆಗೆ ಕರೆಸಿ ಅಪ್ಪನ ಜೊತೆ ಚಹಾಕ್ಕೆ ಕೂರಿಸು.

ಅರ್ಜಿಗೆ ಕೊನೆಯ ದಿನ ಯಾವುದು ಅಂತ ನೀನು ಬರೆದೇ ಇಲ್ಲ. ಇವತ್ತೇ ನೋಡು.