ಓದುಗರ ಪ್ರಶ್ನೆ: ಊರಿನ ನಕ್ಷೆಯಲ್ಲಿ ನಮ್ಮ ಮಾತಿಗೆ ಜಾಗ ಎಲ್ಲಿ?

ಮಂಗಳೂರು, ಉಡುಪಿ ಕಡೆಯಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ತೋಡು (ಸಣ್ಣ ಹಳ್ಳ), ಮಳೆನೀರು, ಕಾಂಕ್ರೀಟ್ ರಸ್ತೆ ಮತ್ತು ಮಾಸ್ಟರ್ ಪ್ಲಾನ್, ಅಂದರೆ ಊರಿನ ಭೂಬಳಕೆಯ ನಕ್ಷೆ, ಕುರಿತವು. ಆಯ್ದ ಆರಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಮನೆಯ ಹಿಂದಿನ ಬೈಲು ಗದ್ದೆಗೆ ಲೋಡುಗಟ್ಟಲೆ ಮಣ್ಣು ಹಾಕುತ್ತಿದ್ದಾರೆ. ಪಕ್ಕದ ತೋಡು ಅರ್ಧ ಮುಚ್ಚಿಹೋಗಿದೆ. ಕಾರ್ಪೊರೇಟರಿಗೆ ಹೇಳಿದೆವು, ಇನ್ನೂರು ಜನ ಸಹಿ ಹಾಕಿ ಮನವಿಯನ್ನೂ ಕೊಟ್ಟೆವು. ‘ಪರಿಶೀಲಿಸುತ್ತೇವೆ’ ಎಂಬ ಮಾತು ಬಿಟ್ಟರೆ ಬೇರೇನೂ ಇಲ್ಲ. ಮುಂದೇನು?
— ಓದುಗರು, ಜೆಪ್ಪಿನಮೊಗರು

ನಿಮ್ಮ ಮನವಿಯಲ್ಲಿ ಸರ್ವೆ ನಂಬರ್ ಇದೆಯೇ ಎಂದು ಮೊದಲು ನೋಡಿ. ಇನ್ನೂರು ಸಹಿ ಇದ್ದರೂ ಸರ್ವೆ ನಂಬರ್ ಇಲ್ಲದ ಮನವಿ ಕಚೇರಿಯಲ್ಲಿ ಮೇಜಿಂದ ಮೇಜಿಗೆ ಹೋಗುತ್ತದೆ, ಸ್ಥಳಕ್ಕೆ ಯಾರೂ ಬರುವುದಿಲ್ಲ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಮಣ್ಣು ತುಂಬಿದ ಜಾಗದ ಅಂಚಿನಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಗಡಿಯ ಹತ್ತಿರ ನಿಂತಾಗ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಆದ್ದರಿಂದ ಎರಡು ಮೂರು ಕಡೆ ನಿಂತು ಗುರುತು ಹಾಕಿಕೊಳ್ಳಿ. ಆಮೇಲೆ ಆ ನಂಬರಿನ ಆರ್‌ಟಿಸಿ (ಪಹಣಿ) ಮತ್ತು ಎಫ್‌ಎಂಬಿ, ಅಂದರೆ ಸರ್ವೆ ಅಳತೆಯ ನಕ್ಷೆಯ ಪ್ರತಿ ತೆಗೆಸಿ. ತೋಡು ಪರಂಬೋಕು ಎಂದು ಪ್ರತ್ಯೇಕವಾಗಿ ದಾಖಲಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ: ಅದು ಸರಕಾರಿ ಜಾಗ, ಮುಚ್ಚಿದ್ದು ಒತ್ತುವರಿ.

ಮುಂದಿನದು ಅಳತೆ. ಟೇಪ್ ಹಿಡಿದು ಮೂರು ಕಡೆ ತೋಡಿನ ಅಗಲ, ಆಳ ಅಳೆಯಿರಿ: ಮಣ್ಣು ಬಿದ್ದಲ್ಲಿ, ಅದಕ್ಕಿಂತ ಮೇಲೆ, ಅದಕ್ಕಿಂತ ಕೆಳಗೆ. ಟೇಪ್ ಕಾಣುವಂತೆ ಫೋಟೊ ತೆಗೆಯಿರಿ. ರಸ್ತೆ ದಾಟುವಲ್ಲಿ ಮೋರಿ ಇದ್ದರೆ ಅದನ್ನು ಮರೆಯಬೇಡಿ. ನಮ್ಮೂರಿನ ತೋಡುಗಳ ಕತ್ತು ಹಿಸುಕುವುದು ಹೆಚ್ಚಾಗಿ ಅಲ್ಲಿಯೇ. 3 ಮೀಟರ್ ಅಗಲದ ತೋಡಿನಲ್ಲಿ 1 ಮೀಟರ್ ಆಳಕ್ಕೆ ನೀರು ಹರಿದರೆ ಅದರ ಅಡ್ಡಕೊಯ್ತ 3 ಚದರ ಮೀಟರ್. ಅದೇ ನೀರನ್ನು ರಸ್ತೆಯಡಿ 900 ಮಿ.ಮೀ.ನ ಎರಡು ಹ್ಯೂಮ್ ಪೈಪಿಗೆ ತುರುಕಿದರೆ ಸಿಗುವ ಜಾಗ ಸುಮಾರು 1.27 ಚದರ ಮೀಟರ್, ಅರ್ಧಕ್ಕಿಂತಲೂ ಕಡಿಮೆ. ಪೈಪಿನ ಬಾಯಿಗೆ ಒಂದು ತೆಂಗಿನ ಮಡಲು, ನಾಲ್ಕು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಅದೂ ಇಲ್ಲ.

ಗದ್ದೆಯ ಲೆಕ್ಕವನ್ನೂ ಬರೆಯಿರಿ. ಒಂದು ಎಕರೆ ಬೈಲಿನಲ್ಲಿ ಒಂದು ಅಡಿ ನೀರು ನಿಂತರೆ ಅದು 12 ಲಕ್ಷ ಲೀಟರಿಗೂ ಹೆಚ್ಚು. ಮಣ್ಣು ತುಂಬಿದ ಮೇಲೆ ಅಷ್ಟು ನೀರು ಅಕ್ಕಪಕ್ಕದ ಅಂಗಳ ಹುಡುಕಿಕೊಂಡು ಹೋಗುತ್ತದೆ. 2018ರ ಮೇ 29ರ ಮಳೆಗೆ ನಿಮ್ಮಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಗೋಡೆಯ ಗುರುತೋ ಅಂದಿನ ಫೋಟೊವೋ ಇದ್ದರೆ ಜೋಡಿಸಿ. ನಿಮ್ಮದು ನೇತ್ರಾವತಿಯ ಅಂಚಿನ ಪ್ರದೇಶವಾದ್ದರಿಂದ ನೀರು ನಿಂತ ದಿನ ಸಮುದ್ರದ ಉಬ್ಬರದ ಹೊತ್ತು ಯಾವುದೆಂದು ನಮೂದಿಸುವುದು ಒಳ್ಳೆಯದು. ಇಲ್ಲವಾದರೆ ‘ಉಬ್ಬರದಿಂದ ಹೀಗಾಯಿತು’ ಎಂಬ ಒಂದೇ ಸಾಲಿನಲ್ಲಿ ಕಡತ ಮುಗಿಸುತ್ತಾರೆ.

ಅರ್ಜಿ ಮೂರು ಕಡೆ ಹೋಗಬೇಕು. ಪರಂಬೋಕು ಒತ್ತುವರಿ ತಹಶೀಲ್ದಾರರಿಗೆ, ಚರಂಡಿ ಮತ್ತು ಕಟ್ಟಡ ಪರವಾನಗಿ ಪಾಲಿಕೆಯ ಆಯುಕ್ತರಿಗೆ, ಭೂಬಳಕೆ ವಲಯದ ಪ್ರಶ್ನೆ ‘ಮುಡಾ’ಕ್ಕೆ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ. ಮೂರರಲ್ಲೂ ಉಳಿದಿಬ್ಬರಿಗೆ ಪ್ರತಿ ಹೋಗಿದೆ ಎಂದು ಬರೆಯಿರಿ. ಆಗ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಜಾರಿಕೊಳ್ಳುವುದು ಕಷ್ಟ. ‘ಕನ್ವರ್ಶನ್ ಆಗಿದೆ’, ಅಂದರೆ ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸಲಾಗಿದೆ, ಎಂಬ ಉತ್ತರ ಬಂದರೆ ಆದೇಶದ ಪ್ರತಿ ಕೇಳಿ. ಕನ್ವರ್ಶನ್ ಆದ ಮಾತ್ರಕ್ಕೆ ಸರಕಾರಿ ತೋಡು ಮುಚ್ಚುವ ಹಕ್ಕು ಯಾರಿಗೂ ಬರುವುದಿಲ್ಲ.

ಪ್ರಶ್ನೆ: ಮಾಸ್ಟರ್ ಪ್ಲಾನ್ ಮಾಡುವಾಗ ಜನರನ್ನು ಕೇಳುತ್ತಾರೆ ಎನ್ನುತ್ತಾರೆ. ನಮ್ಮನ್ನು ಯಾರೂ ಕೇಳಿಲ್ಲ. ಯಾವಾಗ, ಹೇಗೆ ಹೇಳಬೇಕು?
— ನಿವೃತ್ತ ಶಿಕ್ಷಕಿ, ಬಿಜೈ

ಮನೆಗೆ ಬಂದು ಯಾರೂ ಕೇಳುವುದಿಲ್ಲ, ಮೇಡಂ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಸೆಕ್ಷನ್ ಪ್ರಕಾರ ಕರಡು ನಕ್ಷೆ ಮತ್ತು ವರದಿಯನ್ನು ಪ್ರಕಟಿಸಿ 60 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಬೇಕು. ಅಭಿಪ್ರಾಯ ಲಿಖಿತವಾಗಿರಬೇಕು. ಆ 60 ದಿನದೊಳಗೆ ಬಂದದ್ದನ್ನು ಪ್ರಾಧಿಕಾರ ಪರಿಶೀಲಿಸಿ ತನ್ನ ಶಿಫಾರಸಿನೊಂದಿಗೆ ಸರಕಾರಕ್ಕೆ ಕಳಿಸಲೇಬೇಕು. 61ನೇ ದಿನ ಬಂದದ್ದಕ್ಕೆ ಆ ಬಲವಿಲ್ಲ. ನಕ್ಷೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳುವುದರಿಂದ, ಒಮ್ಮೆ ತಪ್ಪಿಸಿಕೊಂಡರೆ ಮುಂದಿನ ಸರದಿ ಬಹಳ ದೂರ.

ಇನ್ನೊಂದು ಬಾಗಿಲು ನಡುನಡುವೆ ತೆರೆಯುತ್ತದೆ, ಅದರತ್ತ ಜನ ನೋಡುವುದೇ ಇಲ್ಲ. 14ಎ ಸೆಕ್ಷನ್ ಅಡಿ ಒಂದು ಜಾಗದ ಬಳಕೆಯನ್ನು, ಉದಾಹರಣೆಗೆ ಕೃಷಿಯಿಂದ ವಸತಿಗೆ, ಬದಲಿಸಬೇಕಾದರೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ, ಅಷ್ಟೇ. ನಿಮ್ಮ ಬಡಾವಣೆಯ ಸಂಘದಲ್ಲಿ ಇಬ್ಬರು ಸರದಿಯಂತೆ ದಿನವೂ ಆ ಪ್ರಕಟಣೆಗಳನ್ನು ನೋಡುವ ಜವಾಬ್ದಾರಿ ಹೊತ್ತರೆ, ಕಟ್ಟಡ ಎದ್ದ ಮೇಲೆ ಮಾಡುವ ಹತ್ತು ಪ್ರತಿಭಟನೆಗಿಂತ ಅದು ಮೇಲು.

ಜಾರಿಯಲ್ಲಿರುವ ನಕ್ಷೆ ಮತ್ತು ವರದಿಯನ್ನು ಪ್ರಾಧಿಕಾರದ ಕಚೇರಿಯಲ್ಲಿ ಸಾರ್ವಜನಿಕರ ಪರಿಶೀಲನೆಗೆ ಇಡಬೇಕೆಂದೂ ಕಾಯ್ದೆ ಹೇಳುತ್ತದೆ. ಹೋಗಿ ನೋಡಿ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನಕ್ಕೆ ಹಸಿರು ಎಂಬುದು ವಾಡಿಕೆ; ಆದರೂ ಮೂಲೆಯ ಸೂಚಿಯನ್ನು ಓದಿಕೊಂಡೇ ಮುಂದುವರಿಯಿರಿ. ಭೂಬಳಕೆ ನಕ್ಷೆಯ ದೊಡ್ಡ ಕೊರತೆಯೆಂದರೆ ಅದರಲ್ಲಿ ಬಣ್ಣವಿರುತ್ತದೆ, ಗುಡ್ಡದ ಇಳಿಜಾರು ಕಾಣುವುದಿಲ್ಲ. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಮೆತ್ತನೆಯ ಶೇಡಿ ಮಣ್ಣು. ಮುರಕಲ್ಲು ಕಡಿದು ಶೇಡಿ ತೆರೆದರೆ ನೀರು ಕುಡಿದು ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ತ್ಯಾಜ್ಯದ ರಾಶಿ ಮಳೆಗೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತು. ಕಾರಣ ಬೇರೆಯಾದರೂ, ಇಳಿಜಾರಿನ ಕೆಳಗೆ ಯಾರಿದ್ದಾರೆ ಎಂಬುದನ್ನು ನಕ್ಷೆ ಮಾಡುವಾಗಲೇ ನೋಡಬೇಕೆಂಬುದಕ್ಕೆ ಅದಕ್ಕಿಂತ ನೋವಿನ ಸಾಕ್ಷಿ ಬೇಡ.

ಆಕ್ಷೇಪಣೆ ಹೀಗಿರಲಿ: ‘ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟು, ವಿಸ್ತೀರ್ಣ ಇಷ್ಟು ಸೆಂಟ್ಸ್, ಕರಡಿನಲ್ಲಿ ವಸತಿ ಎಂದು ತೋರಿಸಲಾಗಿದೆ. ಎಫ್‌ಎಂಬಿಯಲ್ಲಿ ಇದರ ಪೂರ್ವದ ಗಡಿಯಲ್ಲಿ ತೋಡು ಇದೆ, ಕರಡಿನಲ್ಲಿ ಇಲ್ಲ. ತೋಡನ್ನು ನಕ್ಷೆಯಲ್ಲಿ ಸೇರಿಸಿ, ಎರಡೂ ಬದಿ ಕಟ್ಟಡರಹಿತ ಪಟ್ಟಿ ಗುರುತಿಸಬೇಕೆಂದು ಕೋರಿಕೆ.’ ಒಂದು ಅರ್ಜಿಗೆ ಒಂದೇ ವಿಷಯ, ಕೊನೆಯಲ್ಲಿ ಸ್ಪಷ್ಟವಾದ ಕೋರಿಕೆ. ‘ಅಭಿವೃದ್ಧಿ ಪರಿಸರಸ್ನೇಹಿಯಾಗಿರಲಿ’ ಎಂದು ಬರೆದರೆ ‘ಗಮನಿಸಲಾಗಿದೆ’ ಎಂದು ಉತ್ತರ ಬರುತ್ತದೆ, ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಬರಬೇಡಿ.

ಪ್ರಶ್ನೆ: ಮಂಗಳೂರಿನಲ್ಲಿ ವಾರ್ಡ್ ಸಮಿತಿ ಇದೆ, ಉಡುಪಿಯಲ್ಲಿ ಏಕಿಲ್ಲ?
— ವ್ಯಾಪಾರಿ, ಕಲ್ಸಂಕ

ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಉಡುಪಿ ನಗರಸಭೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 1.25 ಲಕ್ಷ. ಆದರೆ ಮೇಲೆ ಹೇಳಿದ 60 ದಿನ, 15 ದಿನಗಳ ಅವಕಾಶ ಉಡುಪಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಅನ್ವಯಿಸುತ್ತದೆ. ಇಂದ್ರಾಣಿ ತೋಡಿಗೆ ಕೊಳಚೆ ಸೇರುವ ವಿಷಯವನ್ನು ವಾರ್ಡ್ ಸಮಿತಿ ಇಲ್ಲವೆಂದು ಬಿಡಬೇಕಾಗಿಲ್ಲ.

ಮಂಗಳೂರಿನವರಿಗೆ ಒಂದು ಮಾತು. ವಾರ್ಡ್ ಸಮಿತಿಯ ಸದಸ್ಯರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಮೀಸಲಿದೆ. ಸಂಘ ನೋಂದಣಿಯಾಗಿರಬೇಕು. ಸಭೆಗಳು ಸೊರಗುವುದು ‘ನಮ್ಮ ಬೀದಿಗೆ ಲೈಟು’ ಎಂಬಲ್ಲೇ ಹೊತ್ತು ಕಳೆಯುವುದರಿಂದ. ಲೈಟಿನ ದೂರಿಗೆ ಸಹಾಯವಾಣಿ ಇದೆ. ಸಮಿತಿಯ ನಿಜವಾದ ಕೆಲಸ ವಾರ್ಡ್ ಅಭಿವೃದ್ಧಿ ಯೋಜನೆ ತಯಾರಿಸುವುದು. ಅದನ್ನು ಪಾಲಿಕೆಯ ಬಜೆಟ್ ತಯಾರಿ ಶುರುವಾಗುವ ಮೊದಲೇ, ದೀಪಾವಳಿಯ ಹೊತ್ತಿಗೆ, ಅಂದಾಜು ಮೊತ್ತ ಸಹಿತ ನಿರ್ಣಯವಾಗಿ ಬರೆಸಿ. ನಡಾವಳಿಯ ಪ್ರತಿ ಕೇಳಿ ಪಡೆಯಿರಿ. ನಡಾವಳಿಯಲ್ಲಿ ಇಲ್ಲದ ಮಾತನ್ನು ಮುಂದಿನ ಸಭೆಯಲ್ಲಿ ಎತ್ತಲು ಆಧಾರವೇ ಇರುವುದಿಲ್ಲ. ಚುನಾಯಿತ ಕೌನ್ಸಿಲ್ ಇಲ್ಲದೆ ಆಡಳಿತಾಧಿಕಾರಿ ಇರುವ ಅವಧಿಯಲ್ಲಿ ಅದೇ ನಿರ್ಣಯವನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಆಯುಕ್ತರಿಗೆ ಕೊಡಿ.

ಪ್ರಶ್ನೆ: ನಮ್ಮ ರಸ್ತೆಗೆ ಕಾಂಕ್ರೀಟ್ ಹಾಕಲಿದ್ದಾರೆ. ಪಕ್ಕದ ರಸ್ತೆಯಲ್ಲಿ ಹಾಕಿದ ಮೇಲೆ ನೀರೆಲ್ಲ ಅಂಗಳಕ್ಕೆ ನುಗ್ಗುತ್ತಿದೆ. ಮೊದಲೇ ಏನು ಕೇಳಬೇಕು?
— ಗೃಹಿಣಿ, ಕೊಟ್ಟಾರ

ರಸ್ತೆಯ ಮಟ್ಟ ಎಷ್ಟು ಏರುತ್ತದೆ ಎಂದು ಕೇಳಿ. ಹಳೆಯ ಡಾಮರು ಅಗೆಯದೆ ಅದರ ಮೇಲೆ 15 ಸೆಂ.ಮೀ. ಅಡಿಪದರ, ಮತ್ತೆ 20 ಸೆಂ.ಮೀ. ಕಾಂಕ್ರೀಟ್ ಹಾಕಿದರೆ ರಸ್ತೆ ಒಂದು ಅಡಿಗಿಂತ ಹೆಚ್ಚು ಎತ್ತರವಾಗುತ್ತದೆ, ನಿಮ್ಮ ಗೇಟು ತಗ್ಗಿನಲ್ಲಿ ಉಳಿಯುತ್ತದೆ. ಅಂದಾಜುಪಟ್ಟಿಯಲ್ಲಿ ‘ಅಗೆತ’ ಎಂಬ ಸಾಲು ಇದೆಯೇ ನೋಡಿ. ಕೆಲಸ ಶುರುವಾಗುವ ಮೊದಲು ಗೇಟಿನ ಹೊಸ್ತಿಲಿನಿಂದ ರಸ್ತೆಯ ನಡುವಿಗೆ ನೀರು ತುಂಬಿದ ಪಾರದರ್ಶಕ ಟ್ಯೂಬಿನಲ್ಲಿ ಮಟ್ಟ ಹಿಡಿದು ಗೋಡೆಯಲ್ಲಿ ಗೆರೆ ಎಳೆದಿಡಿ.

ಎರಡನೆಯದು ಇಳಿಜಾರು. ಕಾಂಕ್ರೀಟ್ ರಸ್ತೆಗೆ ನಡುವಿನಿಂದ ಅಂಚಿಗೆ ಸುಮಾರು 2 ಶೇಕಡಾ ಬೇಕು, ಅಂದರೆ ಮೂರೂವರೆ ಮೀಟರಿಗೆ 7 ಸೆಂ.ಮೀ. ಅಂಚಿಗೆ ಬಂದ ನೀರು ಚರಂಡಿಗೆ ಇಳಿಯಲು ತೂತು ಬೇಕು. ಚರಂಡಿ ಕಟ್ಟಿ, ಸ್ಲ್ಯಾಬ್ ಮುಚ್ಚಿ, ಒಳದಾರಿ ಬಿಡದೇ ಹೋದ ಕೆಲಸ ಬೇಕಾದಷ್ಟಿದೆ. ಕಾಂಕ್ರೀಟ್ ಸುರಿಯುವ ಮೊದಲು ರಸ್ತೆಗೆ ಅಡ್ಡಲಾಗಿ ಖಾಲಿ ಪೈಪು ಹೂಳಿಸಿ, ಮುಂದೆ ನೀರಿನ ಕನೆಕ್ಷನ್‌ಗೆ ರಸ್ತೆ ಕಡಿಯುವುದು ತಪ್ಪುತ್ತದೆ. ನಿಮ್ಮ ಪಾಲಿನದ್ದೂ ಇದೆ: 10 ಸೆಂಟ್ಸ್ (ಎಕರೆಯ ಹತ್ತನೇ ಒಂದು ಭಾಗ) ಜಾಗದಲ್ಲಿ 100 ಮಿ.ಮೀ. ಮಳೆಗೆ 40 ಸಾವಿರ ಲೀಟರ್ ನೀರು ಬೀಳುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದರೆ ಹೆಚ್ಚಿನ ಪಾಲು ಬೀದಿಗೇ ಬರುತ್ತದೆ. ಟೆರೇಸಿನ ನೀರನ್ನು ಯುಜಿಡಿಗೆ (ಒಳಚರಂಡಿಗೆ) ಬಿಡಲೇಬೇಡಿ; ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಅದು ದೊಡ್ಡ ಕಾರಣ.

ಪ್ರಶ್ನೆ: ದೊಡ್ಡ ಅಪಾರ್ಟ್‌ಮೆಂಟಿಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಲ್ಲವೇ?
— ವಿದ್ಯಾರ್ಥಿ, ಸುರತ್ಕಲ್

ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು, ಆದರೆ ಕಟ್ಟಡ ಯೋಜನೆಗಳಿಗೆ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಇದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಅರ್ಜಿಗಳ ವಿವರ ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತದೆ.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ಹಾಕಿದ ಅರ್ಜಿ ‘ಒಂದಕ್ಕಿಂತ ಹೆಚ್ಚು ವಿಷಯ’ ಎಂದು ವಾಪಸ್ ಬಂತು. ಹೇಗೆ ಬರೆಯಬೇಕು?
— ಓದುಗರು, ಮಣಿಪಾಲ

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ, ಕಾರಣ ಕೇಳುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ ಎನ್ನುತ್ತಾರೆ. ದಾಖಲೆ ಕೇಳಿ: ಇಂಥ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ. ಬೇರೆ ಕಾಮಗಾರಿಗೆ ಬೇರೆ ಅರ್ಜಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಕಾಗದದ ಜತೆಗೆ ಸ್ಥಳ ಪರಿಶೀಲನೆ ಮತ್ತು ಸಾಮಗ್ರಿಯ ಮಾದರಿ ಪಡೆಯಲೂ 2005ರ ಕಾಯ್ದೆ ಅವಕಾಶ ಕೊಟ್ಟಿದೆ. ನಡೆಯುತ್ತಿರುವ ಚರಂಡಿ ಕೆಲಸಕ್ಕೆ ಅದನ್ನೇ ಕೇಳಿ, ಸ್ಲ್ಯಾಬ್ ಮುಚ್ಚುವ ಮುಂಚೆ.